ಅತ್ತೆ ಕೇಳಿದ ಪಾಲು

ಮಕ್ಕಳೇ, "ನಾಳೆ ವಾಯಿದೆ ಇದೆ" ಎಂದು ಹಿರಿಯರು ಕಾಗದದ ಚೀಲ ಹಿಡಿದು ಪೇಟೆಗೆ ಹೊರಡುವುದನ್ನು ನೋಡಿದ್ದೀರಾ? ವಾಯಿದೆ ಎಂದರೆ ಕೋರ್ಟು ಕೊಟ್ಟ ದಿನ. ದಾವೆ ಹೂಡಿದವರು ವಾದಿ, ಉತ್ತರ ಕೊಡಬೇಕಾದವರು ಪ್ರತಿವಾದಿ.

ಹೆಚ್ಚಾಗಿ ಅದು ಪಾಲಿನ ದಾವೆ. ಅಜ್ಜ ತೀರಿಕೊಂಡರು, ಪಹಣಿ ದೊಡ್ಡಪ್ಪನ ಹೆಸರಿಗಾಯಿತು ಎನ್ನಿ. ಹೊಲ ಮಾರುವ ಮಾತು ಬಂದಾಗ ಅತ್ತೆ "ನನ್ನ ಪಾಲೆಲ್ಲಿ?" ಎನ್ನುತ್ತಾರೆ. ಊರವರು ಅದನ್ನು ದುರಾಸೆ ಎಂದಾರು. ಆದರೆ ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಒಡೆತನ ಬಾರದು. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು, ಅಷ್ಟರಲ್ಲಿ ಮದುವೆಯಾಗಿದ್ದವರನ್ನು ಮಾತ್ರ ಹೊರಗಿಟ್ಟಿತು! 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ತಿದ್ದುಪಡಿಯಾದಾಗ ಆ ಗೋಡೆಯೂ ಬಿತ್ತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಬದು ಒತ್ತುವರಿ, ದಾರಿ ಜಗಳ, ಬೌನ್ಸಾದ ಚೆಕ್ಕು, ಅಪಘಾತದ ಪರಿಹಾರ ಇವೂ ಕೋರ್ಟಿಗೆ ಬರುತ್ತವೆ. ಬದುವಿನ ಜಗಳಕ್ಕೆ ಮೊದಲು ಸರ್ವೆ ಮಾಡಿಸುವುದೇ ಜಾಣತನ. "ಗೆದ್ದವ ಸೋತ, ಸೋತವ ಸತ್ತ" ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಶುಲ್ಕವೂ ವಾಪಸ್ಸು ಬರುತ್ತದೆ.

ಅಜ್ಜ-ಅಜ್ಜಿಯರಿಗೆ ಇನ್ನೊಂದು ಮಾತು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಮನೆ ಬರೆದುಕೊಟ್ಟಿದ್ದು, ಮಕ್ಕಳು ನೋಡಿಕೊಳ್ಳದಿದ್ದರೆ, 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಆ ಪತ್ರ ರದ್ದುಪಡಿಸಲು ಕೇಳಬಹುದು. ಅರ್ಜಿ ಕೊಡಬೇಕಾದದ್ದು ಉಪವಿಭಾಗಾಧಿಕಾರಿ ಕಚೇರಿಯಲ್ಲಿ. ಷರತ್ತನ್ನು ಪತ್ರದಲ್ಲೇ ಬರೆಸಿಡಿ.