ಮಡಿಚಿದಾಗ ಅಂಗಿಯಾಗುವ ಹೆಣಿಗೆ

ಕೊನೆಯ ಸಾಲು ಮುಗಿಸಿ ಕಡ್ಡಿಯಿಂದ ಇಳಿಸಿದಾಗ ಮಡಿಲಲ್ಲಿದ್ದದ್ದು ಅಂಗಿಯ ಹಾಗೆ ಕಾಣುತ್ತಲೇ ಇರಲಿಲ್ಲ. ಅಂಚು ಅಲ್ಲಲ್ಲಿ ಉಬ್ಬಿದ, ನಡುವೆ ಸೊಟ್ಟಗಾದ ಒಂದು ದಪ್ಪ ತುಂಡು. “ಇದೇನೇ, ಮಸಿಬಟ್ಟೆಯಾ?” ಎಂದಳು ಅಮ್ಮ. ಎರಡು ಮೂಲೆ ಹಿಡಿದು ಮುಂದಕ್ಕೆ ಮಡಿಚಿದೆ. ಎರಡು ತೋಳು, ಬೆನ್ನು, ಮುಂದೆ ತೆರೆದ ಎದೆ. ಮೊಳದಷ್ಟೂ ಇಲ್ಲದ ಕಾರ್ಡಿಗನ್ ಹಾಸಿಗೆಯ ಮೇಲೆ ಮಲಗಿತ್ತು. ಅಮ್ಮ ಕನ್ನಡಕ ಹಾಕಿಕೊಂಡು ಬಂದು ಬಿಡಿಸಿದಳು, ತಾನೇ ಮತ್ತೆ ಮಡಿಚಿ ನೋಡಿದಳು.

ಇದರ ಹೆಸರು ‘ಬೇಬಿ ಸರ್ಪ್ರೈಸ್ ಜಾಕೆಟ್’. 1968ರಲ್ಲಿ ರೂಪಿಸಿದವರು ಎಲಿಜಬೆತ್ ಜಿಮ್ಮರ್‌ಮನ್. 1910ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಅಮೆರಿಕಕ್ಕೆ ಹೋಗಿ ನೆಲೆಸಿ, ವಿಸ್ಕಾನ್ಸಿನ್‌ನ ಹಳೆಯ ಶಾಲಾ ಕಟ್ಟಡವೊಂದನ್ನು ಮನೆ ಮಾಡಿಕೊಂಡವರು. ಟೀವಿಯಲ್ಲೂ ಪುಸ್ತಕಗಳಲ್ಲೂ ಹೆಣಿಗೆ ಕಲಿಸಿದರು. 1971ರ ‘ನಿಟಿಂಗ್ ವಿದೌಟ್ ಟಿಯರ್ಸ್’ ಹೆಸರಿನಲ್ಲೇ ಅವರ ಹಟವಿದೆ: ಕಡ್ಡಿ ಹಿಡಿದವರು ಲೆಕ್ಕಕ್ಕೆ ಹೆದರಿ ಕಣ್ಣೀರು ಹಾಕಬಾರದು. 1999ರಲ್ಲಿ ತೀರಿಕೊಂಡರು.

ಶುರುವಾಗುವುದು 160 ಕುಣಿಕೆಗಳಿಂದ. ಎರಡೂ ಬದಿಗೆ ಸೀದಾ ಹೆಣಿಗೆಯೇ, ಉಲ್ಟಾ ಇಲ್ಲ. ಅದರಿಂದಲೇ ಅಂಚು ಸುರುಳಿ ಸುತ್ತುವುದಿಲ್ಲ, ಬಟ್ಟೆ ದಪ್ಪಗಿದ್ದೂ ಎಳೆದಷ್ಟು ಹಿಗ್ಗುತ್ತದೆ. ಎರಡು ಕಡೆ ಗುರುತಿಟ್ಟುಕೊಂಡು, ಸಾಲು ಬಿಟ್ಟು ಸಾಲು, ಅಲ್ಲಿ ಮಾತ್ರ ಕುಣಿಕೆ ಕಳೆಯುತ್ತ ಬರಬೇಕು. ಆಮೇಲೆ ಅದೇ ಎರಡು ಕಡೆ ಕೂಡಿಸುತ್ತ ಹೋಗಬೇಕು. ಕಳೆದಲ್ಲಿ, ಕೂಡಿಸಿದಲ್ಲಿ ಹೆಣಿಗೆ ಬಾಗಿ ಮೂಲೆಯಾಗುತ್ತದೆ. ಕತ್ತರಿಸಿ ಜೋಡಿಸುವ ಕೆಲಸವೇ ಇಲ್ಲ. ಹೊಲಿಗೆ ಎರಡೇ ಎರಡು, ಕುತ್ತಿಗೆಯಿಂದ ಭುಜದ ಮೇಲೆ ಹಾಯ್ದು ಮುಂಗೈವರೆಗೆ. ದಪ್ಪ ಉಲ್ಲನ್, ದಪ್ಪ ಕಡ್ಡಿಯಾದರೆ ಅದೇ ಲೆಕ್ಕದಲ್ಲಿ ದೊಡ್ಡ ಮಗುವಿನ ಅಂಗಿ; ಸಣ್ಣ ನೂಲಾದರೆ ಹಸುಗೂಸಿನದು. ಇಷ್ಟು ಜಾಣತನದ ಬಟ್ಟೆಯನ್ನು ನಾನು ಬೇರೆ ನೋಡಿಲ್ಲ.

ಕತ್ತು ನಿಲ್ಲದ ಕೂಸಿಗೆ ತಲೆಯ ಮೇಲಿಂದ ಸ್ವೆಟರ್ ಇಳಿಸುವುದು ಬಾಣಂತಿಗೂ ಕಷ್ಟ, ಮಗುವಿಗೂ ಅಳು. ಮುಂದೆ ತೆರೆಯುವ ಅಂಗಿಯಾದರೆ ಹಾಸಿ, ಮಗುವನ್ನು ಮಲಗಿಸಿ, ಒಂದೊಂದೇ ಕೈ ತೂರಿಸಿದರಾಯಿತು. ಉಡುಗೊರೆ ಕೊಡುವುದಾದರೆ ಒಂದು ಅಳತೆ ದೊಡ್ಡದೇ ಇರಲಿ, ತೋಳು ಮಡಿಚಿ ಹಾಕಬಹುದು. ಜಾಲರಿಯಂಥ ಹೆಣಿಗೆ ಬೇಡ, ಪುಟ್ಟ ಬೆರಳು ಸಿಕ್ಕಿಕೊಳ್ಳುತ್ತದೆ. ಉಲ್ಲನ್ ಕೆನ್ನೆಗೆ ಒತ್ತಿ ನೋಡಿ ಕೊಳ್ಳಿ; ಮಂಗಳೂರಿನ ಸೆಖೆಗಾದರೆ ಹತ್ತಿ ನೂಲೇ ಸರಿ.

ಜಿಮ್ಮರ್‌ಮನ್ನರ ಇನ್ನೊಂದು ಉಪಾಯ ನನಗೆ ಬಹಳ ಪ್ರೀತಿಯದು. ಗಂಡಸರ ಅಂಗಿಗೆ ಒಂದು ಬದಿ ಕಾಜ, ಹೆಂಗಸರದಕ್ಕೆ ಇನ್ನೊಂದು ಬದಿ. ಅವರು ಎರಡೂ ಅಂಚಿಗೆ ಕಾಜ ಬಿಡಿಸಿ, ಮಗು ಹುಟ್ಟಿದ ಮೇಲೆ ಬೇಡದ ಬದಿಯನ್ನು ಮುಚ್ಚಿ ಗುಂಡಿ ಹೊಲಿಯಲು ಹೇಳಿದರು. ಗಂಡೋ ಹೆಣ್ಣೋ ಎಂದು ಮೊದಲೇ ತಿಳಿಸುವುದನ್ನು 1994ರ ಕಾಯ್ದೆ ನಿಷೇಧಿಸಿರುವ ನಮ್ಮ ದೇಶಕ್ಕೆ ಇದು ಹೇಳಿ ಮಾಡಿಸಿದ ಹಾಗಿದೆ.

ಮಡಿಕೇರಿಯಿಂದ ಚಿಕ್ಕಮ್ಮನ ಫೋನ್ ಬಂತು, ಮಗಳಿಗೆ ಹೆಣ್ಣುಮಗು. ಆ ರಾತ್ರಿಯೇ ಎಡಗಡೆಯ ಐದೂ ಕಾಜ ಮುಚ್ಚಿ, ಅವುಗಳ ಮೇಲೆ ಗುಂಡಿ ಹೊಲಿದೆ. ಅಮ್ಮ ಒಂದೊಂದನ್ನೂ ಜಗ್ಗಿ ನೋಡಿ, ತಾನು ಹೊಲಿದಿಟ್ಟಿದ್ದ ಕುಲಾವಿಯ ಜೊತೆ ಬ್ಯಾಗಿಗೆ ಹಾಕಿದಳು.