ಯಂತ್ರದ ಶೆಡ್ಡಿನ ನೆಲಕ್ಕೆ ಬಣ್ಣ: ಪರೀಕ್ಷೆ ಮಳೆಗಾಲದಲ್ಲಿ, ಕೆಲಸ ಬೇಸಿಗೆಯಲ್ಲಿ

ಸಣ್ಣ ಹಿಡುವಳಿಯ ತೋಟಗಳಲ್ಲಿಯೂ ಇಂದು ಯಂತ್ರಗಳಿಗೆಂದು ಒಂದು ಶೆಡ್ಡು ಇದ್ದೇ ಇರುತ್ತದೆ. ಜೀಪು, ಔಷಧಿ ಸಿಂಪಡಿಸುವ ಪಂಪು, ಕಳೆ ಕತ್ತರಿಸುವ ಯಂತ್ರ, ಡೀಸೆಲ್ ಎಂಜಿನ್ ಎಲ್ಲವೂ ಅಲ್ಲಿಯೇ. ಅನೇಕ ಕಡೆ ಅದರ ಪಕ್ಕದ ಕೋಣೆಯೇ ಕಾಫಿ, ಅಡಿಕೆಯ ದಾಸ್ತಾನು. ಕಾಂಕ್ರೀಟ್ ನೆಲ ಧೂಳು ಬಿಡುತ್ತದೆ, ಎಣ್ಣೆ ಕುಡಿಯುತ್ತದೆ ಎಂಬ ಕಾರಣಕ್ಕೆ ಸದಸ್ಯರು ಅದಕ್ಕೆ ಬಣ್ಣ ಹಚ್ಚಿಸಲು ಮುಂದಾಗುವುದುಂಟು. ಮೊದಲ ಮಳೆಗಾಲ ಮುಗಿಯುವುದರೊಳಗೆ ಆ ಬಣ್ಣ ಹಪ್ಪಳದಂತೆ ಎದ್ದು ಬರುವುದೂ ಉಂಟು. ಆಗ ದೋಷವನ್ನು ಬಣ್ಣದ ಡಬ್ಬಿಯ ಮೇಲೆ ಹೊರಿಸುವುದು ಸುಲಭ. ಆದರೆ ಹೆಚ್ಚಿನ ಸಂದರ್ಭಗಳಲ್ಲಿ ದೋಷವಿರುವುದು ಬಣ್ಣದ ಕೆಳಗೆ, ನೆಲದ ತೇವದಲ್ಲಿ ಮತ್ತು ಎಣ್ಣೆಯಲ್ಲಿ.

ತೇವದ ಪರೀಕ್ಷೆ

ನಮ್ಮ ಶೆಡ್ಡುಗಳು ಬಹುಪಾಲು ಗುಡ್ಡ ಕಡಿದು ಮಟ್ಟ ಮಾಡಿದ ಜಾಗದಲ್ಲಿವೆ. ಮೇಲ್ಬದಿಯಿಂದ ನೀರು ಒಸರುತ್ತದೆ. ಹಳೆಯ ನೆಲಗಳ ಕೆಳಗೆ ತೇವ ತಡೆಯುವ ಪ್ಲಾಸ್ಟಿಕ್ ಹಾಳೆ ಹಾಕಿರುವುದು ವಿರಳ. ಆ ತೇವವು ಕಾಂಕ್ರೀಟಿನ ಸೂಕ್ಷ್ಮರಂಧ್ರಗಳ ಮೂಲಕ ಮೇಲೇರಿ ಬಣ್ಣದ ಪದರವನ್ನು ತಳದಿಂದ ಎತ್ತುತ್ತದೆ. ನೆಲದ ಮೇಲೆ ಬಿಳಿ ಉಪ್ಪಿನ ಪುಡಿ ಕಾಣುತ್ತಿದ್ದರೆ ನೀರು ಏರುತ್ತಿದೆ ಎಂದೇ ತಿಳಿಯಬೇಕು.

ಪರೀಕ್ಷೆ ಸರಳವಾದುದು. 45 ಸೆಂ.ಮೀ. ಚದರದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲೆ ಹಾಸಿ, ನಾಲ್ಕೂ ಅಂಚುಗಳಿಗೆ ಗಾಳಿಯಾಡದಂತೆ ಅಂಟುಪಟ್ಟಿ ಹಚ್ಚಿ, ಕನಿಷ್ಠ 16 ಗಂಟೆ ಬಿಡಿ. ತೆಗೆದಾಗ ಹಾಳೆಯ ಒಳಮೈಯಲ್ಲಿ ನೀರಹನಿ ಕಂಡರೆ ಅಥವಾ ಅದರಡಿಯ ನೆಲ ಕಪ್ಪಾಗಿದ್ದರೆ ಅಲ್ಲಿ ತೇವವಿದೆ. ಮಲೆನಾಡಿನವರಾದ ನಾವು ಇಲ್ಲಿ ಒಂದು ವಿಷಯವನ್ನು ಮರೆಯಬಾರದು. ಮಾರ್ಚ್ ತಿಂಗಳಲ್ಲಿ ಒಣಗಿರುವ ನೆಲ ಜುಲೈಯಲ್ಲಿ ಒದ್ದೆಯಾಗಿರಬಹುದು. ಬೇಸಿಗೆಯ ಪರೀಕ್ಷೆಯನ್ನು ಮಾತ್ರ ನಂಬಿ ಹಣ ಹಾಕುವುದು ಸರಿಯಲ್ಲ. ಆಷಾಢದ ಜಡಿಮಳೆಯಲ್ಲಿ ಮೂರು ನಾಲ್ಕು ಕಡೆ, ವಿಶೇಷವಾಗಿ ಗುಡ್ಡದ ಬದಿಯ ಮೂಲೆಗಳಲ್ಲಿ, ಪರೀಕ್ಷಿಸಿ ನೋಡಿ.

ತೇವವಿದ್ದಲ್ಲಿ ಬಣ್ಣದ ಯೋಚನೆಯನ್ನು ಬದಿಗಿಡಿ. ಆ ಹಣದಲ್ಲಿ ಮೊದಲು ಶೆಡ್ಡಿನ ಮೇಲ್ಬದಿಗೆ ಬಸಿಗಾಲುವೆ ತೆಗೆಸಿ. ಧೂಳು ಏಳುವುದಷ್ಟೇ ತೊಂದರೆಯಾದರೆ ಸೋಡಿಯಂ ಸಿಲಿಕೇಟ್ ದ್ರಾವಣವನ್ನು ನೆಲಕ್ಕೆ ಕುಡಿಸಬಹುದು. ಅದು ಕಾಂಕ್ರೀಟಿನಲ್ಲಿರುವ ಸುಣ್ಣದೊಡನೆ ಕೂಡಿ ಗಟ್ಟಿಯಾಗಿ ರಂಧ್ರಗಳನ್ನು ತುಂಬುತ್ತದೆ. ಮೇಲೆ ಪದರವಾಗಿ ನಿಲ್ಲದ ಕಾರಣ ಏಳುವ ಪ್ರಶ್ನೆಯೇ ಇಲ್ಲ.

ಯಾವ ಬಣ್ಣ?

ಗೋಡೆಯ ಡಿಸ್ಟೆಂಪರ್, ಸಿಮೆಂಟ್ ಪೇಂಟ್ ನೆಲಕ್ಕಲ್ಲ. ಬಾಗಿಲು ಕಿಟಕಿಗಳಿಗೆ ಬಳಿಯುವ ಎನಾಮಲ್ ಕೂಡ ಬೇಡ. ಕಾಂಕ್ರೀಟಿನ ಕ್ಷಾರವು ಅದರ ಎಣ್ಣೆಯ ಅಂಶವನ್ನು ಸಾಬೂನಿನಂತೆ ಮಾಡಿಬಿಡುತ್ತದೆ. ಒಂದೇ ಡಬ್ಬಿಯಲ್ಲಿ ಬರುವ ಅಕ್ರಿಲಿಕ್ ನೆಲದ ಬಣ್ಣ ಅಗ್ಗ ಮತ್ತು ಹಚ್ಚಲು ಸುಲಭ, ಕಾಲ್ನಡಿಗೆಯ ಜಾಗಕ್ಕೆ ಸಾಕು. ಆದರೆ ದೂರ ಓಡಿ ಬಂದ ಜೀಪಿನ ಬಿಸಿ ಟೈರು ಅದನ್ನು ಕಿತ್ತು ತೆಗೆಯಬಹುದು. ಎಣ್ಣೆ, ಡೀಸೆಲ್, ವಾಹನ ಇವೆಲ್ಲ ಇರುವಲ್ಲಿಗೆ ಎರಡು ಡಬ್ಬಿಗಳ ಎಪಾಕ್ಸಿಯೇ ತಕ್ಕುದು. ಬಿಸಿಲು ಬೀಳುವಲ್ಲಿ ಎಪಾಕ್ಸಿ ಹಳದಿಗಟ್ಟಿ ಪುಡಿ ಬಿಡುವುದರಿಂದ ಬಾಗಿಲ ಬಳಿ ಅದರ ಮೇಲೆ ಒಂದು ಪಾಲಿಯುರಿಥೇನ್ ಕೋಟು ಬೇಕಾಗುತ್ತದೆ.

ನೆಲದ ಸಿದ್ಧತೆ

ಹೊಸ ಕಾಂಕ್ರೀಟಿಗೆ ಕನಿಷ್ಠ 28 ದಿನ ಬಿಡುವು ಕೊಡಬೇಕು. ಹಳೆಯ ನೆಲದ ಎಣ್ಣೆಯ ಕಲೆಯನ್ನು ಕೆರೆದು, ಬಿಸಿನೀರು ಮತ್ತು ವಾಷಿಂಗ್ ಸೋಡಾದಿಂದ ಉಜ್ಜಿ ತೊಳೆಯಿರಿ. ಒಣಗಿದ ಮೇಲೆ ನಾಲ್ಕು ಹನಿ ನೀರು ಬಿಡಿ. ನೀರು ಮುತ್ತಿನಂತೆ ನಿಂತರೆ ಎಣ್ಣೆ ಇನ್ನೂ ಇದೆ, ಇಂಗಿದರೆ ಸರಿಯಾಗಿದೆ. ಆಳಕ್ಕೆ ಎಣ್ಣೆ ಇಳಿದ ಜಾಗವನ್ನು ಕೊಚ್ಚಿ ಹೊಸದಾಗಿ ಹಾಕಿಸುವುದೊಂದೇ ದಾರಿ.

ಸಿಮೆಂಟ್ ಹಾಲು ಬಿಟ್ಟು ಕರಣೆಯಿಂದ ನುಣುಪು ಮಾಡಿದ ನೆಲಕ್ಕೆ ಬಣ್ಣ ಕಚ್ಚುವುದಿಲ್ಲ. ಅದನ್ನು ಯಂತ್ರದಿಂದ ಉಜ್ಜಿಸಿ ಮರಳುಕಾಗದದಷ್ಟು ಒರಟು ಮಾಡುವುದು ಉತ್ತಮ. ಯಂತ್ರ ಸಿಗದಿದ್ದಲ್ಲಿ ಮಾತ್ರ ಮ್ಯೂರಿಯಾಟಿಕ್ ಆಸಿಡ್. ನಾಲ್ಕು ಪಾಲು ನೀರಿಗೆ ಒಂದು ಪಾಲು ಆಸಿಡ್ ಹಾಕಬೇಕು; ಆಸಿಡ್‌ಗೆ ನೀರು ಸುರಿಯಲೇಬಾರದು, ಸಿಡಿದು ಕಣ್ಣಿಗೆ ಅಪಾಯ. ಕನ್ನಡಕ, ರಬ್ಬರ್ ಕೈಗವಸು, ಗಂಬೂಟು ಇಲ್ಲದೆ ಕೆಲಸದಾಳುಗಳನ್ನು ಈ ಕೆಲಸಕ್ಕೆ ಇಳಿಸತಕ್ಕದ್ದಲ್ಲ. ಆಸಿಡ್ಡಿನ ಹೊಗೆ ಕಬ್ಬಿಣಕ್ಕೆ ತುಕ್ಕು ಹಿಡಿಸುವುದರಿಂದ ಯಂತ್ರಗಳನ್ನು ಮೊದಲೇ ಹೊರಗಿಡಿ. ಬಳಿಕ ಸೋಡಾ ನೀರಿನಿಂದ ಅದರ ಹುಳಿ ಮುರಿದು, ಮತ್ತೆ ಮತ್ತೆ ತೊಳೆದು, ಪೂರ್ತಿ ಒಣಗಿಸಬೇಕು. ತೊಳೆದ ನೀರು ಬಾವಿಗಾಗಲಿ ಹಳ್ಳಕ್ಕಾಗಲಿ ಸೇರಬಾರದು.

ಹಚ್ಚುವ ಕ್ರಮ

ಕೊಯ್ಲು ಮುಗಿದು, ದಾಸ್ತಾನು ಸಾಗಿಸಿಯಾದ ಮೇಲೆ, ಮುಂಗಾರು ಹಿಡಿಯುವ ಮುಂಚಿನ ಒಣ ದಿನಗಳು ಇದಕ್ಕೆ ಸೂಕ್ತ ಕಾಲ. ಗಾಳಿಯ ತೇವ ಶೇಕಡ 85 ಮೀರಿದ ದಿನ ಹಚ್ಚಬೇಡಿ. ಎಪಾಕ್ಸಿಯ ಎರಡು ಡಬ್ಬಿಗಳನ್ನು ಅವುಗಳ ಮೇಲೆ ಬರೆದ ಪ್ರಮಾಣದಲ್ಲಿಯೇ ಅಳೆದು ಕಲಸಬೇಕು. ಹಾರ್ಡ್‌ನರ್ ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಎಂಬುದು ತಪ್ಪು ತಿಳುವಳಿಕೆ. ಕಲಸಿದ್ದು ಸ್ವಲ್ಪ ಹೊತ್ತಿನಲ್ಲಿಯೇ ಬಿಸಿಯಾಗಿ ಗಟ್ಟಿಯಾಗುವುದರಿಂದ ಬೇಕಾದಷ್ಟನ್ನೇ ಕಲಸಿ. ತೆಳುಮಾಡಲು ಸೀಮೆಎಣ್ಣೆ, ಪೆಟ್ರೋಲ್ ಬಳಸಕೂಡದು. ಬರಿಗೈಗೆ ತಾಗಿದರೆ ಚರ್ಮ ಕೆರಳುತ್ತದೆ. ಬೀಡಿ, ಬೆಂಕಿ ದೂರವಿರಲಿ.

ಲೆಕ್ಕ ಹೀಗೆ: 12 ಅಡಿ ಅಗಲ, 20 ಅಡಿ ಉದ್ದದ ಶೆಡ್ಡು 240 ಚದರ ಅಡಿ, ಅಂದರೆ ಸುಮಾರು 22 ಚದರ ಮೀಟರು. ಲೀಟರಿಗೆ 8 ಚದರ ಮೀಟರ್ ಎಂದು ಡಬ್ಬಿಯ ಮೇಲಿದ್ದರೆ ಒಂದು ಕೋಟಿಗೆ ಸುಮಾರು 2.8 ಲೀಟರು, ಎರಡು ಕೋಟಿಗೆ 5.6 ಲೀಟರು. ಒರಟು ನೆಲ ಮೊದಲ ಕೋಟಿನಲ್ಲಿ ಹೆಚ್ಚು ಕುಡಿಯುವುದರಿಂದ ಒಂದು ಲೀಟರು ಹೆಚ್ಚಿಗೆ ಇರಲಿ. ಮಳೆಗಾಲದಲ್ಲಿ ಒದ್ದೆ ಕಾಲಿಗೆ ಜಾರದಂತೆ, ಮೊದಲ ಕೋಟು ಹಸಿಯಿರುವಾಗಲೇ ತೊಳೆದು ಒಣಗಿಸಿ ಜರಡಿ ಹಿಡಿದ ಸಣ್ಣ ಮರಳನ್ನು ಉದುರಿಸಿ, ಗಟ್ಟಿಯಾದ ಮೇಲೆ ಸಡಿಲ ಮರಳನ್ನು ಗುಡಿಸಿ ಎರಡನೆಯ ಕೋಟು ಕೊಡಿ. ಜೀಪು ನಿಲ್ಲಿಸಲು ಒಂದು ವಾರ ಕಾಯುವುದು ಲೇಸು.

ಕಾಫಿಯ ಮಾತು

ಕೊನೆಯದಾಗಿ ಒಂದು ಎಚ್ಚರಿಕೆ. ಕಾಫಿ ಬೀಜ ತೇವವನ್ನು ಹೀರುವಂತೆ ವಾಸನೆಯನ್ನೂ ಹೀರುತ್ತದೆ. ಬಣ್ಣದ, ಡೀಸೆಲಿನ ವಾಸನೆ ಹಿಡಿದ ಕಾಫಿ ಬಟ್ಟಲಿನಲ್ಲಿ ಸಿಕ್ಕಿಬೀಳುತ್ತದೆ, ಬೆಲೆಯೂ ಬೀಳುತ್ತದೆ. ವರ್ಷದ ದುಡಿಮೆಗಿಂತ ನೆಲದ ಅಂದ ದೊಡ್ಡದಲ್ಲ. ಆದುದರಿಂದ ಒಣಗಿಸುವ ಕಣಕ್ಕೆ ಬಣ್ಣ ಬೇಡವೇ ಬೇಡ. ಪಕ್ಕದ ಶೆಡ್ಡಿಗೆ ಹಚ್ಚಿದರೂ ವಾಸನೆ ಪೂರ್ತಿ ಹೋಗುವವರೆಗೆ ದಾಸ್ತಾನು ಕೋಣೆಗೆ ಚೀಲ ತರಬೇಡಿ.

ಮೈಲುತುತ್ತದ ದ್ರಾವಣವನ್ನು ನೆಲದ ಮೇಲೆ ಚೆಲ್ಲಿ ಹಾಗೆಯೇ ಬಿಡುವ ಅಭ್ಯಾಸವೂ ನಿಲ್ಲಬೇಕು, ಅದು ಕಾಂಕ್ರೀಟನ್ನೇ ತಿನ್ನುತ್ತದೆ. ಬೋರ್ಡೋ ಕಲಸುವ ಜಾಗ ಶೆಡ್ಡಿನ ಹೊರಗಿರಲಿ.

ಸದಸ್ಯ ಬಾಂಧವರು ಈ ಮಳೆಗಾಲಕ್ಕೆ ಒಂದು ತುಂಡು ಪ್ಲಾಸ್ಟಿಕ್ ಹಾಳೆಯನ್ನೂ ಅಂಟುಪಟ್ಟಿಯನ್ನೂ ತೆಗೆದಿಡಲಿ. ಬಣ್ಣದ ಅಂಗಡಿಗೆ ಹೋಗುವುದು ಆಮೇಲಿನ ಮಾತು.