ರನ್‌ಫ್ಲಾಟ್ ಟೈರ್ ಪಂಕ್ಚರ್: ಹೊರಗೆ ಕಾಣದ ಗಾಯವೇ ಅಪಾಯ

ಬೆಂಗಳೂರು: ಮೊಳೆ ಚುಚ್ಚಿ ಗಾಳಿ ಇಳಿದರೂ ಕಾರು ನಿಲ್ಲಿಸಬೇಕಾಗಿಲ್ಲ ಎಂಬುದೇ ರನ್‌ಫ್ಲಾಟ್ ಟೈರಿನ ಹೆಗ್ಗಳಿಕೆ. ದುರಸ್ತಿಯ ವೇಳೆ ಮಾಲೀಕರು ಮೋಸ ಹೋಗುವುದಕ್ಕೂ ಇದೇ ಕಾರಣ. ಗಾಳಿಯಿಲ್ಲದೆ ಹತ್ತಾರು ಕಿಲೋಮೀಟರ್ ಓಡಿದ ಟೈರ್ ಹೊರನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. ಒಳಗೆ ಮಾತ್ರ ಅದು ಕೆಲಸಕ್ಕೆ ಬಾರದಷ್ಟು ಹಾಳಾಗಿರಬಹುದು.

ಸಾಮಾನ್ಯ ಟೈರಿನಲ್ಲಿ ಕಾರಿನ ಭಾರ ಹೊರುವುದು ಒಳಗಿನ ಗಾಳಿ. ಅದು ಹೋದರೆ ಟೈರಿನ ಪಕ್ಕದ ಗೋಡೆಗಳು ಮಡಚಿಕೊಳ್ಳುತ್ತವೆ. ರನ್‌ಫ್ಲಾಟ್ ಟೈರಿನ ಗೋಡೆಗಳ ಒಳಬದಿಯಲ್ಲಿ ಶಾಖ ತಾಳುವ ದಪ್ಪ ರಬ್ಬರ್ ಪದರವಿದ್ದು, ಗಾಳಿ ಇಲ್ಲದಾಗ ಭಾರವನ್ನು ಅದೇ ಹೊರುತ್ತದೆ. ಬಿಎಂಡಬ್ಲ್ಯು, ಮಿನಿ ಮೊದಲಾದ ಕಂಪನಿಗಳ ಹಲವು ಮಾದರಿಗಳು ಇಂಥ ಟೈರುಗಳೊಂದಿಗೆ ಮಾರಾಟವಾಗಿವೆ. ಅವುಗಳಲ್ಲಿ ಅನೇಕ ಕಾರುಗಳಿಗೆ ಸ್ಟೆಪ್ನಿಯೇ ಇಲ್ಲ.

ಎಷ್ಟು ದೂರ ಓಡಬಹುದು?

ಗಂಟೆಗೆ 80 ಕಿ.ಮೀ. ಮೀರದ ವೇಗದಲ್ಲಿ ಸುಮಾರು 80 ಕಿ.ಮೀ. ಎಂಬುದು ಸಾಮಾನ್ಯವಾದ ಮಿತಿ. ಬೆಂಗಳೂರು ಬಿಡುವಾಗಲೇ ಗಾಳಿ ಹೋದರೆ ಮೈಸೂರು ದೂರದ ಮಾತು, ಮದ್ದೂರಿನ ಆಸುಪಾಸಿನಲ್ಲೇ ಲೆಕ್ಕ ಮುಗಿಯುತ್ತದೆ. ಕಾರಿನ ತುಂಬ ಜನ, ಸಾಮಾನು ಇದ್ದರೆ ಇನ್ನೂ ಬೇಗ. ಈ ಮಿತಿ ಇರುವುದು ಸುರಕ್ಷಿತ ಜಾಗ ತಲುಪಲೆಂದೇ ಹೊರತು ಪೂರ್ತಿ ಬಳಸಿಕೊಳ್ಳಲೆಂದಲ್ಲ. ಗಾಳಿಯಿಲ್ಲದ ಟೈರಿನ ಗೋಡೆ ಪ್ರತಿ ಸುತ್ತಿಗೂ ಬಾಗಿ ಬಾಗಿ ಕಾಯುತ್ತದೆ; ಆ ಶಾಖಕ್ಕೆ ರಬ್ಬರ್ ಮತ್ತು ಒಳಗಿನ ದಾರದ ಹೆಣಿಗೆಯ ನಡುವಿನ ಬೆಸುಗೆ ಸಡಿಲಗೊಳ್ಳುತ್ತದೆ.

ಆದ್ದರಿಂದ ಪಂಕ್ಚರ್ ಎಲ್ಲಿದೆ ಎಂಬುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ಗಾಳಿಯಿಲ್ಲದೆ ಕಾರು ಎಷ್ಟು ದೂರ, ಎಷ್ಟು ವೇಗದಲ್ಲಿ ಓಡಿತು ಎಂಬುದು. ಡ್ಯಾಶ್‌ಬೋರ್ಡಿನಲ್ಲಿ ಗಾಳಿಯ ಒತ್ತಡದ ಎಚ್ಚರಿಕೆ ದೀಪ ಬೆಳಗಿದ ಕೂಡಲೇ ಕಿಲೋಮೀಟರ್ ಅಂಕಿಯನ್ನು ಗುರುತು ಹಾಕಿಕೊಂಡರೆ ಉತ್ತರ ಸಿಗುತ್ತದೆ. ಸಿಗದಿದ್ದರೆ ಟೈರನ್ನು ಅನುಮಾನದಿಂದಲೇ ನೋಡಬೇಕು.

ದುರಸ್ತಿ ಮಾಡಬಹುದೇ ಎಂಬ ಬಗ್ಗೆ ಟೈರ್ ಕಂಪನಿಗಳಲ್ಲೇ ಒಮ್ಮತವಿಲ್ಲ. ಕೆಲವು ಕಂಪನಿಗಳು ಷರತ್ತಿನ ಮೇಲೆ ಒಪ್ಪುತ್ತವೆ, ಕೆಲವು ಬದಲಿಸುವಂತೆಯೇ ಹೇಳುತ್ತವೆ. ಆಯಾ ಕಂಪನಿಯ ಸೂಚನೆಯೇ ಅಂತಿಮ. ಒಪ್ಪಿದಲ್ಲಿಯೂ ತೂತು ನೆಲಕ್ಕೆ ತಾಗುವ ಪಟ್ಟಿಯ ನಡುಭಾಗದಲ್ಲಿರಬೇಕು, ಸುಮಾರು 6 ಮಿ.ಮೀ.ಗಿಂತ ದೊಡ್ಡದಿರಬಾರದು. ಅಂಚಿನಲ್ಲಿ ಅಥವಾ ಪಕ್ಕದ ಗೋಡೆಯಲ್ಲಿ ಆದ ತೂತಿಗೆ ದುರಸ್ತಿಯಿಲ್ಲ.

ರಸ್ತೆಬದಿಯ ಪಂಕ್ಚರ್ ಅಂಗಡಿಗಳಲ್ಲಿ ಟೈರ್ ಬಿಚ್ಚದೆಯೇ ಹೊರಗಿನಿಂದ ಅಂಟುಬತ್ತಿ ತುರುಕುವುದು ವಾಡಿಕೆ. ಐದೇ ನಿಮಿಷದ ಕೆಲಸ, ಖರ್ಚೂ ಅಲ್ಪ. ರನ್‌ಫ್ಲಾಟ್ ಟೈರಿಗೆ ಇದು ಸಲ್ಲದು, ಏಕೆಂದರೆ ಒಳಭಾಗವನ್ನು ಯಾರೂ ನೋಡಿರುವುದಿಲ್ಲ. ಟೈರನ್ನು ರಿಮ್ಮಿನಿಂದ ಕಳಚಿ ಬೆಳಕು ಹಿಡಿದು ಪರೀಕ್ಷಿಸಬೇಕು. ಒಳಗೆ ರಬ್ಬರ್ ಪುಡಿ, ಗೋಡೆಯಲ್ಲಿ ಸುಕ್ಕು, ಬಣ್ಣಗೆಟ್ಟ ಪಟ್ಟೆ ಅಥವಾ ಬಿರುಕು ಕಂಡರೆ ಆ ಟೈರಿನ ಆಯುಷ್ಯ ಮುಗಿದಂತೆ. ಪರೀಕ್ಷಿಸದೆ ಗಾಳಿ ತುಂಬಿದರೆ ದುರ್ಬಲಗೊಂಡ ಗೋಡೆ ಸಿಡಿಯಬಹುದು. ಪಕ್ಕದಲ್ಲೇ ಕುಳಿತ ಅಂಗಡಿಯ ಹುಡುಗನಿಗೂ ಅದು ಅಪಾಯ.

ಕಳಚುವುದೂ ಸುಲಭವಲ್ಲ. ಗಡುಸಾದ ಗೋಡೆಯನ್ನು ಸರಳಿನಿಂದ ಮೀಟಿದರೆ ಟೈರಿನ ಅಂಚು ಹರಿಯಬಹುದು, ವಾಲ್ವಿನ ಬುಡದಲ್ಲಿರುವ ಸೆನ್ಸರ್ ಮುರಿಯಬಹುದು. ಸಹಾಯಕ ತೋಳುಳ್ಳ ಯಂತ್ರವಿರುವ ಅಂಗಡಿಯೇ ಬೇಕು. ಒಳಗಿನಿಂದ ಅಣಬೆಯಾಕಾರದ ಪ್ಯಾಚ್ ಹಾಕಿದರೆ ಕಾಂಡವು ತೂತನ್ನು ತುಂಬಿ, ತಲೆಯು ಒಳಪದರವನ್ನು ಮುಚ್ಚುತ್ತದೆ. ನಂತರ ಸೋಪುನೀರಿನಲ್ಲಿ ಸೋರಿಕೆ ನೋಡಿ, ಬ್ಯಾಲೆನ್ಸಿಂಗ್ ಮಾಡಿಸಿ, ಚಾಲಕನ ಬಾಗಿಲಿನ ಬಳಿಯ ಚೀಟಿಯಲ್ಲಿರುವಷ್ಟೇ ಗಾಳಿ ತುಂಬಿಸಬೇಕು. ಎಚ್ಚರಿಕೆ ದೀಪದ ವ್ಯವಸ್ಥೆಯನ್ನೂ ಮರುಹೊಂದಿಸಬೇಕು. ಈ ವ್ಯವಸ್ಥೆ ಕೆಟ್ಟಿದ್ದರೆ ಮುಂದಿನ ಪಂಕ್ಚರ್ ಚಾಲಕನ ಗಮನಕ್ಕೇ ಬಾರದು.

ರನ್‌ಫ್ಲಾಟ್ ದುಬಾರಿ ಎಂದು ಒಂದು ಚಕ್ರಕ್ಕೆ ಮಾತ್ರ ಸಾಮಾನ್ಯ ಟ್ಯೂಬ್‌ಲೆಸ್ ಟೈರ್ ಹಾಕಿಸುವವರೂ ಇದ್ದಾರೆ. ಎರಡರ ಬಿಗುವು ಬೇರೆಯಾದ್ದರಿಂದ ತಿರುವಿನಲ್ಲಿ ಕಾರಿನ ಹಿಡಿತ ಬದಲಾಗುತ್ತದೆ. ಬದಲಿಸುವುದಾದರೆ ನಾಲ್ಕನ್ನೂ ಬದಲಿಸಬೇಕು, ಜೊತೆಗೆ ಸ್ಟೆಪ್ನಿ ಅಥವಾ ಪಂಕ್ಚರ್ ಕಿಟ್ಟಿಗೆ ಡಿಕ್ಕಿಯಲ್ಲಿ ಜಾಗ ಮಾಡಿಕೊಳ್ಳಬೇಕು.